ಪೀಪಾಯಿ ಎಳೆಯುವ ಮಕ್ಕಳು

2009ರ ಫೆಬ್ರುವರಿ ಕೊನೆ. ಇಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಊರ ಬಾವಿಗಳು ಆಗಲೇ ತಳ ಕಂಡಿದ್ದವು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ವರಾಂಡದಲ್ಲಿ ಕೂತು ಹಳೆಯ ರಷ್ಯನ್ ಚಿತ್ರಗಳ ಪುಸ್ತಕ ಬಿಡಿಸಿದ್ದೆ. ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳು ಪಾತ್ರೆ ತೊಳೆದಿಟ್ಟು ಬಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಪುಸ್ತಕ ಮುಟ್ಟಲಿಲ್ಲ.

“ಎಲ್ಲಿ ಮಕ್ಕಳ್ರೀ ಇವು, ಅಕ್ಕೋರ?”

“ರಷ್ಯಾದವು. ಮಾಸ್ಕೋ ಅಂತ ಊರು.”

ಅವಳು ಇನ್ನೂ ಬಗ್ಗಿದಳು. “ಪೀಪಾಯಿ ತುಂಬೇದ ನೋಡ್ರಿ. ಖಾಲಿ ಇದ್ರ ಹಿಂಗ ಮುಂದಕ್ಕ ಬಾಗೂದು ಬೇಕಿರಲಿಲ್ಲ. ಹಗ್ಗ ಎದಿಗೆ ಬಂದದ. ಏರಿನ್ಯಾಗ ಉಸಿರು ಹಿಡೀತದ.” ಅಷ್ಟು ಹೇಳಿ ಸುಮ್ಮನಾದಳು. ತಿರುಗಿ ನೋಡಿದರೆ ಕಣ್ಣು ತುಂಬಿದ್ದವು. “1972ರ ಬರದಾಗ ನಾನೂ ನಮ್ಮಣ್ಣನೂ ಹಿಂಗs ಎಳೀತಿದ್ವಿ” ಅಂದಳು.

ಅವಳು ನೋಡಿದ್ದು ವಸಿಲಿ ಪೆರೋವ್ 1866ರಲ್ಲಿ ಬರೆದ ‘ತ್ರೋಯ್ಕಾ’. ರಷ್ಯನ್ ಭಾಷೆಯಲ್ಲಿ ತ್ರೋಯ್ಕಾ ಅಂದರೆ ಮೂರು ಕುದುರೆ ಕಟ್ಟಿದ ಗಾಡಿ. ಪೆರೋವ್ ಕುದುರೆಯ ಜಾಗದಲ್ಲಿ ಮೂರು ಮಕ್ಕಳನ್ನು ಕಟ್ಟಿದ. ಕಸುಬು ಕಲಿಯಲೆಂದು ಯಜಮಾನರ ಮನೆಯಲ್ಲಿ ಬಿಟ್ಟ ಮಕ್ಕಳು ಅವು. ಕಲಿಯುವುದಕ್ಕಿಂತ ದುಡಿಯುವುದೇ ಹೆಚ್ಚು. ಸಂಜೆಯ ಬೂದು ಬೆಳಕು, ಹಿಂದೆ ಮಠದ ಎತ್ತರದ ಗೋಡೆ, ಕಾಲಡಿ ಹಿಮ. ಜಾರುಬಂಡಿಯ ಮೇಲೆ ದೊಡ್ಡ ಮರದ ಪೀಪಾಯಿ, ತುಳುಕಿದ ನೀರು ಅದರ ಮೈಮೇಲೆಯೇ ಹೆಪ್ಪುಗಟ್ಟಿ ನೇತಾಡುತ್ತಿದೆ. ಮಕ್ಕಳು ಅಡ್ಡಹಾದು ಹೋಗುತ್ತಿಲ್ಲ, ನೇರ ನಮ್ಮ ಕಡೆಗೆ ಬರುತ್ತಿದ್ದಾರೆ. ಇನ್ನೆರಡು ಹೆಜ್ಜೆ ಇಟ್ಟರೆ ನಾವೇ ಪಕ್ಕಕ್ಕೆ ಸರಿಯಬೇಕು. ಚಿತ್ರದ ಜೋರು ಇರುವುದು ಅಲ್ಲಿ ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅಡುಗೆಯ ಅಕ್ಕನಿಗೆ ಆ ಪಾಠ ಬೇಕಾಗಲಿಲ್ಲ. ಅವಳು ಹಗ್ಗ ನೋಡಿದಳು, ಏರು ನೋಡಿದಳು, ಭಾರ ಅಳೆದಳು. ಅಳು ಆಮೇಲೆ ಬಂತು.

ಮೂವತ್ತು ವರ್ಷ ನಾನು ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸ ಮಾಡಿದೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವರ್ಗ ಆದಲ್ಲೆಲ್ಲ ಆ ಪುಸ್ತಕ ನನ್ನ ಟ್ರಂಕಿನಲ್ಲಿ ಬಂತು. ಚಿತ್ರ ನೋಡಿ ಮನಸ್ಸು ಕರಗುವುದಕ್ಕೆ ಓದು, ಕಲೆಯ ತಿಳಿವಳಿಕೆ ಬೇಕು ಎನ್ನುವವರನ್ನು ಬಹಳ ಕಂಡಿದ್ದೇನೆ. ನಾನು ಕಂಡದ್ದು ಬೇರೆ. ನಮ್ಮ ಮಂದಿ ಚಿತ್ರದ ಮುಂದೆ ನಿಂತು ‘ಚೆಂದ ಅದ’ ಅನ್ನುವುದು ಕಡಿಮೆ. ಯಾರ ಮಕ್ಕಳು, ಎಲ್ಲಿಗೆ ಹೊಂಟಾರ, ಮುಂದ ಏನಾತು ಎಂದು ಕೇಳುತ್ತಾರೆ. ತಮ್ಮ ಕೈಗೆ ಗೊತ್ತಿರುವ ಒಂದು ವಸ್ತು ಸಿಕ್ಕರೆ ಸಾಕು, ಹಗ್ಗವೋ ಕೊಡವೋ ಮೆಟ್ಟೋ, ಅದನ್ನು ಹಿಡಿದು ಒಳಗೆ ಇಳಿಯುತ್ತಾರೆ.

ಪೆರೋವ್‌ನ ಚಿತ್ರದ ಬಗ್ಗೆ ನಾನು ಓದಿದ್ದ ಒಂದು ಸಂಗತಿಯನ್ನು ಆ ದಿನ ಅವಳಿಗೆ ಹೇಳಿದೆ. ಪೆರೋವ್ ತಾನೇ ಬರೆದಿಟ್ಟದ್ದು ಅದು. ಇಬ್ಬರು ಮಕ್ಕಳನ್ನು ಬರೆದಾಗಿತ್ತು, ನಡುವಿನ ಹುಡುಗನಿಗೆ ತಕ್ಕ ಮುಖ ಸಿಕ್ಕಿರಲಿಲ್ಲ. ಮಾಸ್ಕೋದ ಊರಬಾಗಿಲ ಹತ್ತಿರ ಯಾತ್ರೆಗೆ ಹೊರಟ ಒಬ್ಬ ಬಡ ಹೆಂಗಸು ಮಗನ ಜೊತೆ ಕಂಡಳು. ಹುಡುಗನ ಹೆಸರು ವಾಸ್ಯಾ. ಇವನ ಚಿತ್ರ ಬರೆಯುತ್ತೇನೆ ಅಂದರೆ ತಾಯಿ ಹೆದರಿದಳು. ಚಿತ್ರ ಬರೆಸಿಕೊಂಡವರು ಸೊರಗಿ ಸಾಯುತ್ತಾರೆ ಎಂದು ಅವಳ ಕಡೆ ನಂಬಿಕೆ. ಹೇಗೋ ಒಪ್ಪಿಸಿ ಬರೆದ. ಕೆಲವು ವರ್ಷ ಕಳೆದ ಮೇಲೆ ಅದೇ ಹೆಂಗಸು ಮೊಟ್ಟೆಯ ಗಂಟು ಕಾಣಿಕೆ ಹಿಡಿದು ಪೆರೋವ್‌ನ ಮನೆಗೆ ಬಂದಳು. ವಾಸ್ಯಾ ಸಿಡುಬಿನಿಂದ ತೀರಿಕೊಂಡಿದ್ದ. ಇದ್ದಬದ್ದದ್ದನ್ನೆಲ್ಲ ಮಾರಿ, ಚಳಿಗಾಲವೆಲ್ಲ ದುಡಿದು, ಆ ಚಿತ್ರವನ್ನು ಕೊಂಡುಕೊಳ್ಳಲು ದುಡ್ಡು ತಂದಿದ್ದಳು.

ಚಿತ್ರ ಆಗಲೇ ವ್ಯಾಪಾರಿ ಪಾವೆಲ್ ತ್ರೆತ್ಯಾಕೊವ್‌ನ ಸಂಗ್ರಹಕ್ಕೆ ಹೋಗಿತ್ತು. ಇಂದು ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿ ಎನಿಸಿಕೊಂಡಿರುವುದು ಆ ಸಂಗ್ರಹವೇ. ಪೆರೋವ್ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಗೋಡೆಯ ತುಂಬ ಚಿತ್ರಗಳಿದ್ದರೂ ಅವಳು ಯಾರನ್ನೂ ಕೇಳದೆ ನೇರ ಅದರ ಮುಂದೆ ಹೋಗಿ ಮೊಣಕಾಲೂರಿದಳು. ದೇವರ ಪಟದ ಮುಂದೆ ಕೂತಂತೆ ಬಹಳ ಹೊತ್ತು ಪ್ರಾರ್ಥನೆ ಮಾಡುತ್ತ ಕೂತಳು. ಮುಂದೆ ಪೆರೋವ್ ಹುಡುಗನ ಮುಖವನ್ನಷ್ಟೇ ಬೇರೆ ಬರೆದು ಅವಳಿಗೆ ಕಳಿಸಿಕೊಟ್ಟ.

ಕೇಳಿದ ಅಡುಗೆಯ ಅಕ್ಕ ಒಂದೇ ಮಾತು ಕೇಳಿದಳು: “ತಾಯಿಗೆ ಹೇಳದs ಮಾರಿಬಿಟ್ಟಿದ್ದೇನ್ರೀ ಅಂವ?”

ಈ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. ಕಲೆಯ ಪುಸ್ತಕಗಳಲ್ಲಿ ಆ ತಾಯಿಯ ಭಕ್ತಿಯನ್ನು ಹೊಗಳಿದ್ದಾರೆ. ಚಿತ್ರ ಯಾರದು ಎಂದು ಕೇಳಿದವಳು ಇವಳು. ಆ ಹುಡುಗನ ಮುಖದ ಮೇಲೆ ಹೆತ್ತವಳ ಹಕ್ಕು ಎಷ್ಟು, ಬರೆದವನ ಹಕ್ಕು ಎಷ್ಟು? ನನಗೂ ಅವಳ ಪಕ್ಷವೇ ಸರಿ ಅನಿಸುತ್ತದೆ.

ನಾನೂ ನೀರು ಹೊತ್ತವಳೇ. ಸೇದುಬಾವಿಯ ಹಗ್ಗ ಕೊರೆದ ಗೆರೆ ಎಡಗೈಯ ಬುಡದಲ್ಲಿ ಇನ್ನೂ ತಿಳಿಯಾಗಿ ಇದೆ. ಬರದ ವರ್ಷ ನಾನು ಎರಡನೆಯ ಇಯತ್ತೆ. ಅವ್ವ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದಳು, ಸರ್ಕಾರ ಹಂಚಿದ ಕೆಂಪು ಜೋಳದ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ರಷ್ಯಾದ ಚಿತ್ರ ಮೊದಲು ಕಂಡದ್ದೂ ಶಾಲೆಯ ದಿನಗಳಲ್ಲೇ. ಮಾಸ್ತರರ ಮನೆಗೆ ಬರುತ್ತಿದ್ದ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯನ್ನು ನಾವು ನೋಟ್‌ಬುಕ್ಕಿಗೆ ಕವರ್ ಹಾಕುತ್ತಿದ್ದೆವು. ನನ್ನ ಗಣಿತದ ನೋಟ್‌ಬುಕ್ಕಿನ ಮೇಲೆ ಬೋಳು ಗಿಡ, ಅದರ ತುಂಬ ಹಕ್ಕಿಗೂಡು, ಕೆಳಗೆ ಕರಗುತ್ತಿರುವ ಹಿಮ ಇತ್ತು. ಸವ್ರಾಸೊವ್‌ನ 1871ರ ‘ಕಾಗೆಗಳು ಮರಳಿ ಬಂದವು’ ಅದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬಿಜಾಪುರದ ಪುಸ್ತಕ ಪ್ರದರ್ಶನದಲ್ಲಿ ಈ ದಪ್ಪ ಪುಸ್ತಕ ಕೊಂಡಾಗ.

ಈ ಚಿತ್ರಗಳು ಹಳ್ಳಿಯವರಿಗೆ ಇಷ್ಟು ಬೇಗ ತಟ್ಟುವುದಕ್ಕೆ ಒಂದು ಕಾರಣ ಅವು ಹುಟ್ಟಿದ ರೀತಿಯಲ್ಲೇ ಇದೆ. 1863ರಲ್ಲಿ ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿ ಪದಕದ ಸ್ಪರ್ಧೆಗೆ ಪುರಾಣದ ದೇವತೆಗಳ ವಿಷಯ ಕೊಟ್ಟಾಗ 14 ಮಂದಿ ವಿದ್ಯಾರ್ಥಿಗಳು ಒಲ್ಲೆವೆಂದು ಹೊರನಡೆದರು. ಜೀತ ರದ್ದಾಗಿ ಆಗ ಎರಡೇ ವರ್ಷ. ಸುತ್ತಲಿನ ಬದುಕನ್ನು ಬರೆಯಬೇಕು, ಬರೆದದ್ದನ್ನು ರಾಜಧಾನಿಯ ಸಿರಿವಂತರಲ್ಲದೆ ದೂರದ ಊರುಗಳ ಜನವೂ ನೋಡಬೇಕು ಎಂಬ ಹಂಬಲ ಬೆಳೆದು 1870ರಲ್ಲಿ ಸಂಚಾರಿ ಪ್ರದರ್ಶನಗಳ ಸಂಘವೇ ಹುಟ್ಟಿತು. ನಮ್ಮ ನಾಟಕ ಕಂಪನಿಗಳು ಊರೂರಿಗೆ ಪರದೆ ಹೊತ್ತು ತಿರುಗಿದ ಹಾಗೆ ಅವರ ಚಿತ್ರಗಳು ಕೀವ್, ಖಾರ್ಕೊವ್ ಕಡೆ ಸುತ್ತಿದವು.

ಇಲ್ಯಾ ರೇಪಿನ್‌ನ ‘ವೋಲ್ಗಾದ ಹಡಗು ಎಳೆಯುವವರು’ (1870–73) ಸಿಂದಗಿ ಕಡೆ ಬಹಳ ಮಂದಿಗೆ ತೋರಿಸಿದ್ದೇನೆ. ಹನ್ನೊಂದು ಆಳು, ಎದೆಗೆ ತೊಗಲಿನ ಪಟ್ಟಿ, ಹಿಂದೆ ಹಡಗು. ಭೀಮಾ ದಂಡೆಯ ರೈತರು ಇದನ್ನು ಎತ್ತಿನ ಲೆಕ್ಕದಲ್ಲಿ ಓದುತ್ತಾರೆ. ಯಾವನು ಮೈಯೆಲ್ಲ ಹಾಕಿ ಎಳೆಯುತ್ತಾನೆ, ಯಾವನು ಹಗ್ಗಕ್ಕೆ ಜೋತುಬಿದ್ದಾನೆ ಎಂದು ಒಬ್ಬೊಬ್ಬರನ್ನೇ ಬೊಟ್ಟಿಟ್ಟು ಹೇಳುತ್ತಾರೆ. ನಡುವೆ ಪಟ್ಟಿ ಸರಿಸಿಕೊಳ್ಳುತ್ತಿರುವ ಎಳೆಯ ಹುಡುಗನ ಮೇಲೆ ಎಲ್ಲರ ಬೆರಳೂ ನಿಲ್ಲುತ್ತದೆ. “ಇವಂಗ ಇನ್ನೂ ಹೆಗಲ ಬಲಿತಿಲ್ಲ.”

ಎಲ್ಲ ಚಿತ್ರವೂ ಹೀಗೆ ಕಣ್ಣಿಂದಲೇ ಎದೆಗೆ ಇಳಿಯುವುದಿಲ್ಲ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಲೆವಿತಾನ್‌ನ ‘ವ್ಲಾದಿಮಿರ್ಕಾ’ (1892) ತೋರಿಸಿದೆ. ಮೋಡ ಕವಿದ ಆಕಾಶ, ಬಯಲು, ದಿಗಂತದವರೆಗೆ ಹೋಗುವ ಮಣ್ಣಿನ ದಾರಿ. ಮಕ್ಕಳು ಹಾಳೆ ತಿರುವಿಬಿಟ್ಟರು. ಖಾಲಿ ದಾರಿ ನಮ್ಮ ಕಡೆ ಏನು ಕಡಿಮೆ ಇದೆಯೇ? ಆಗ ಹೇಳಿದೆ: ಕಾಲಿಗೆ ಸಂಕೋಲೆ ಹಾಕಿಸಿಕೊಂಡ ಕೈದಿಗಳನ್ನು ಸೈಬೀರಿಯಾಕ್ಕೆ ನಡೆಸಿಕೊಂಡು ಹೋಗುತ್ತಿದ್ದ ದಾರಿ ಇದು. ಲೆವಿತಾನ್ ಬೇಟೆಯಿಂದ ಮರಳುವಾಗ ಈ ದಾರಿಗೆ ಬಂದ, ಇದು ಯಾವ ದಾರಿ ಎಂದು ನೆನಪಾಗಿ ಅಲ್ಲೇ ನಿಂತುಬಿಟ್ಟ. ಹಿಂದಿನ ಬೆಂಚಿನಲ್ಲಿ ಒಬ್ಬ ತಾಂಡಾದ ಹುಡುಗ ಇದ್ದ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗಿದ್ದರು, ಇವನು ಅಜ್ಜಿಯ ಹತ್ತಿರ. “ಅವರ ಹುಡುಗ್ರು ಯಾರ ಕಡೆ ಇರ್ತಿದ್ರು, ಟೀಚರ್?” ಎಂದು ಕೇಳಿದ. ಕೆಲವರು ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಿದ್ದರು, ಉಳಿದವರ ಮಕ್ಕಳು ಊರಲ್ಲೇ ಇರುತ್ತಿದ್ದರು ಅಂದೆ. ಹಾಳೆಯನ್ನು ಅವನೇ ಹಿಂದಕ್ಕೆ ತಿರುವಿದ. ತಿಳಿದ ಮೇಲೆ ಹುಟ್ಟುವ ದುಃಖ, ಕಂಡೊಡನೆ ಹುಟ್ಟುವ ದುಃಖಕ್ಕಿಂತ ಕೆಳಗಿನದೇನಲ್ಲ.

ಕೆಲವೊಮ್ಮೆ ನೋಡುವವರಿಗೆ ತಡೆದುಕೊಳ್ಳಲಾಗುವುದೇ ಇಲ್ಲ. ರೇಪಿನ್ 1885ರಲ್ಲಿ ಮುಗಿಸಿದ ಒಂದು ಚಿತ್ರದಲ್ಲಿ ಸಿಟ್ಟಿನ ಭರಕ್ಕೆ ಮಗನನ್ನೇ ಹೊಡೆದು ಕೆಡವಿದ ರಾಜ ಇವಾನ್, ರಕ್ತ ಸುರಿಯುವ ಮಗನ ತಲೆಯನ್ನು ಎದೆಗವಚಿಕೊಂಡು ಕೂತಿದ್ದಾನೆ. 1913ರ ಜನವರಿಯಲ್ಲಿ ಬಲಾಶೊವ್ ಎಂಬ ಯುವಕ ರಕ್ತ ಸಾಕು ಎಂದು ಕೂಗುತ್ತ ಆ ಚಿತ್ರವನ್ನು ಚಾಕುವಿನಿಂದ ಮೂರು ಕಡೆ ಸೀಳಿದ. ತ್ರೆತ್ಯಾಕೊವ್ ಗ್ಯಾಲರಿಯ ಮೇಲ್ವಿಚಾರಕ ಖ್ರುಸ್ಲೊವ್ ಸಂಕಟ ತಾಳದೆ ರೈಲಿಗೆ ತಲೆ ಕೊಟ್ಟ. 2018ರ ಮೇ ತಿಂಗಳಲ್ಲಿ ಇನ್ನೊಬ್ಬ ಲೋಹದ ಕಂಬದಿಂದ ಅದೇ ಚಿತ್ರದ ಗಾಜು ಒಡೆದು ಕ್ಯಾನ್ವಾಸ್ ಹರಿದ. ಈ ಚಿತ್ರವನ್ನು ನಾನು ಮಕ್ಕಳಿಗೆ ತೋರಿಸಲಿಲ್ಲ.

ಬೆರಗಿನ ಕಥೆಯೂ ಇದೆ, ಅದರ ಎಳೆ ನಮ್ಮ ಬೆಂಗಳೂರಿಗೇ ಬರುತ್ತದೆ. 1880ರಲ್ಲಿ ಕುಯಿಂಜಿ ಎಂಬ ಚಿತ್ರಕಾರ ಪೀಟರ್ಸ್‌ಬರ್ಗಿನಲ್ಲಿ ಕಿಟಕಿಗೆಲ್ಲ ಪರದೆ ಕಟ್ಟಿ, ಕತ್ತಲ ಕೋಣೆಯಲ್ಲಿ ಒಂದೇ ಚಿತ್ರ ಇಟ್ಟ: ದ್ನೀಪರ್ ನದಿಯ ಮೇಲೆ ಬೆಳದಿಂಗಳು. ಜನ ಸಾಲುಗಟ್ಟಿದರು. ಹಿಂದೆ ದೀಪ ಅಡಗಿಸಿಟ್ಟಿರಬೇಕೆಂದು ಚಿತ್ರದ ಬೆನ್ನ ಹಿಂದೆ ಇಣುಕಿದವರಿದ್ದರು. ಆ ಕುಯಿಂಜಿಯ ಶಿಷ್ಯ ನಿಕೊಲಾಯ್ ರೋರಿಕ್. ರೋರಿಕ್ ಹಿಮಾಲಯಕ್ಕೆ ಬಂದು ಕುಲ್ಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಮಗ ಸ್ವೆತೊಸ್ಲಾವ್ ನಟಿ ದೇವಿಕಾ ರಾಣಿಯನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿಕೊಂಡು ಬಾಳಿದರು, 1993ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಅಪ್ಪ ಮಗ ಇಬ್ಬರ ಚಿತ್ರಗಳೂ ಚಿತ್ರಕಲಾ ಪರಿಷತ್ತಿನಲ್ಲಿ ಇವೆ. ಶೈಕ್ಷಣಿಕ ಪ್ರವಾಸಕ್ಕೆ ಹೋದಾಗ ಸಿಂದಗಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಜೀವಮಾನದಲ್ಲಿ ಹಿಮ ಕಾಣದ ಮಕ್ಕಳು. ನೀಲಿ ಗುಡ್ಡದ ಸಾಲಿನ ಮುಂದೆ ಒಬ್ಬಳು ದನಿ ತಗ್ಗಿಸಿ, “ಟೀಚರ್, ಇಲ್ಲಿ ಗದ್ದಲ ಮಾಡಬಾರ್ದು ಅನಸ್ತದ” ಅಂದಳು. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೊನೆಯ ಕೆಲವು ವರ್ಷ ಬಸವನ ಬಾಗೇವಾಡಿ ಸೀಮೆಯಲ್ಲಿದ್ದೆ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಕೊಟ್ಟು ಬಂದವರ ಪುನರ್ವಸತಿ ಕೇಂದ್ರ. ವಿದ್ಯಾರ್ಥಿನಿಯೊಬ್ಬಳ ಮುತ್ಯಾ ಸಂಜೆ ಶಾಲೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಒಂದು ದಿನ ಅವರ ಕೈಗೆ ಪುಸ್ತಕ ಕೊಟ್ಟು ಲೆವಿತಾನ್‌ನ 1894ರ ‘ಶಾಶ್ವತ ಶಾಂತಿಯ ಮೇಲೆ’ ತೆಗೆದೆ. ಕಣ್ಣು ಹಾಯುವಷ್ಟೂ ನೀರು, ಅದರ ಮೇಲೆ ಭಾರವಾದ ಮುಗಿಲು. ಮೂಲೆಯಲ್ಲಿ ನೀರಿಗೆ ಚಾಚಿದ ದಿಬ್ಬ, ದಿಬ್ಬದ ಮೇಲೆ ಸಣ್ಣ ಮರದ ಚರ್ಚು, ಹಿಂದೆ ಗಾಳಿಗೆ ಬಾಗಿದ ಗಿಡ, ವಾಲಿದ ಗೋರಿಗಳು.

ಬಹಳ ಹೊತ್ತು ನೋಡಿದರು. “ನೀರು ಎಷ್ಟಕ್ಕ ನಿಂತದ್ರಿ ಇದು?”

519ಕ್ಕೋ 524ಕ್ಕೋ ಎಂದು ಅವರು ಕೇಳುತ್ತಿದ್ದದ್ದು. ಅಣೆಕಟ್ಟೆಯ ನೀರಿನ ಮಟ್ಟವನ್ನು ಮೀಟರಿನಲ್ಲಿ ಬಾಯಿಪಾಠ ಮಾಡಿಕೊಂಡವರು ಆ ಭಾಗದ ಜನ. ಇದು ಅಣೆಕಟ್ಟೆಯ ನೀರಲ್ಲ, ಕೆರೆ, ಏರುವುದಿಲ್ಲ ಅಂದೆ. ಲೆವಿತಾನ್ ನೋಡಿ ಬರೆದ ಚರ್ಚು ಮಾತ್ರ ವೋಲ್ಗಾ ದಂಡೆಯ ಪ್ಲ್ಯೋಸ್ ಎಂಬ ಊರಿನದು, ಅದು ಮುಂದೆ ಸುಟ್ಟುಹೋಯಿತು, ಬೇರೆ ಹಳ್ಳಿಯ ಹಳೇ ಮರದ ಚರ್ಚೊಂದನ್ನು ಬಿಚ್ಚಿ ತಂದು ಅದೇ ಗುಡ್ಡದ ಮೇಲೆ ನಿಲ್ಲಿಸಿದ್ದಾರೆ ಎಂದೂ ಹೇಳಿದೆ.

“ನಮ್ಮ ಹಣಮಪ್ಪನ್ನೂ ಹಂಗs ತಂದ್ವಿ, ತಾಯಿ” ಅಂದರು. “ದೇವರ ಬಂದ. ಗೋರಿ ಅಲ್ಲೇ ಉಳಿದ್ವು. ನಮ್ಮಪ್ಪಂದೂ ಅಲ್ಲೇ.”

ಪುಸ್ತಕವನ್ನು ಕಣ್ಣಿನ ಹತ್ತಿರ ತಂದುಕೊಂಡರು, ಬೆಳಕಿಗೆ ತಿರುಗಿಸಿದರು. ಉಗುರಿನ ತುದಿ ಚರ್ಚಿನ ಕಿಟಕಿಯ ಮೇಲೆ ನಿಂತಿತು. ಅಲ್ಲಿ ಎಳ್ಳುಕಾಳಿನಷ್ಟು ಹಳದಿ.

“ಒಳಗ ದೀಪ ಅದ. ಯಾರ ಇರ್ತಾರ್ರಿ?”

“ಪೂಜಾರಿ ಇರಬೇಕು, ಮುತ್ಯಾ.”

“ಹಂಗಾದ್ರ ಚಲೋ ಆತು” ಅಂದರು, ಪುಸ್ತಕವನ್ನು ಮುಚ್ಚದೆ ನನ್ನ ಕೈಗೆ ಕೊಟ್ಟರು.