ಸುವರ್ಣಕಣಗಳ ಪರಿಮಾಣವೂ ವರ್ಣವೂ

ಸುವರ್ಣವು ಪೀತವರ್ಣದ್ದೆಂಬುದು ಲೋಕಪ್ರಸಿದ್ಧವಷ್ಟೆ. ಆದರೆ 1857ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆಯು ನೀರಿನಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳನ್ನುಂಟುಮಾಡಲು, ಆ ದ್ರವವು ಮಾಣಿಕ್ಯದಂತೆ ಕೆಂಪಾಗಿ ತೋರಿತು. ದ್ರವ್ಯವು ಒಂದೇ ಆಗಿರಲು ರೂಪವು ಬೇರೆಯಾದುದೇಕೆ?

ಮೀಟರಿನ ನೂರು ಕೋಟಿಯಲ್ಲೊಂದು ಭಾಗವನ್ನು ನ್ಯಾನೋಮೀಟರೆನ್ನುವರು. ಸುಮಾರು 20 ನ್ಯಾನೋಮೀಟರ್ ವ್ಯಾಸದ ಚಿನ್ನದ ಕಣದ ಮೇಲೆ ಬೆಳಕು ಬೀಳಲು, ಅದರೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುವುವು. ಆ ತೂಗಾಟಕ್ಕೆ ಹೊಂದುವ, ಸುಮಾರು 520 ನ್ಯಾನೋಮೀಟರ್ ತರಂಗದ ಹಸುರು ಬೆಳಕು ಕಣದಲ್ಲಿ ಅಡಗುವುದು, ಕೆಂಪು ದಾಟಿಬರುವುದು. ಇದರ ಗಣಿತವನ್ನು 1908ರಲ್ಲಿ ಜರ್ಮನ್ ವಿದ್ವಾಂಸನಾದ ಗುಸ್ಟಾಫ್ ಮೀ ಎಂಬುವನು ನಿರೂಪಿಸಿದನು. ಉಪ್ಪನ್ನು ಬೆರೆಸಲು ಕಣಗಳು ಒಂದುಗೂಡಿ ದ್ರವವು ನೀಲಿಗೆ ತಿರುಗುವುದೂ ಇದಕ್ಕೆ ಸಾಕ್ಷಿ.

ವೈಶೇಷಿಕರು ರೂಪ, ಪರಿಮಾಣಗಳನ್ನು ಬೇರೆಬೇರೆ ಗುಣಗಳೆಂದೆಣಿಸಿದರು. ಇಲ್ಲಿಯಾದರೋ ಪರಿಮಾಣವೇ ರೂಪವನ್ನು ನಿಯಮಿಸುತ್ತಿದೆ.