ಐದು ಸಾವಿರ ವ್ಯಾಟ್ ಎಲ್ಲಿ ಹೋಯಿತು?



ವಿದ್ಯುತ್ತು ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಎಂಬುದರ ಅಳತೆಯೇ ವ್ಯಾಟ್. ಮನೆಯ ಎಲ್.ಇ.ಡಿ. ಬಲ್ಬು 9 ವ್ಯಾಟ್. ಒಂದು ಎಚ್.ಪಿ. ಅಂದ್ರೆ 746 ವ್ಯಾಟ್. ಹಾಗಾದರೆ ಬೋರಿನಿಂದ ನೀರೆತ್ತುವ 5 ಎಚ್.ಪಿ. ಮೋಟಾರು 3,730 ವ್ಯಾಟ್. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಮ್ಮ ದೊಡ್ಡಪ್ಪನ ಮನೆಗೆ ಹೋಮ್ ಥಿಯೇಟರ್ ಸೆಟ್ ಬಂದಿದೆ. ಐದು ಚಿಕ್ಕ ಸ್ಪೀಕರು, ಒಂದು ದಪ್ಪ ವೂಫರು. ರಟ್ಟಿನ ಡಬ್ಬದ ಮೇಲೆ ‘5000 ವ್ಯಾಟ್ ಪಿ.ಎಂ.ಪಿ.ಒ.’ ಅಂತ ದೊಡ್ಡದಾಗಿ ಬರೆದಿದೆ. ಬೋರಿನ ಮೋಟಾರಿಗಿಂತ ಹೆಚ್ಚು! ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು, ಈ ಸೆಟ್ಟು ಮಾತ್ರ ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪ್ಲಗ್ಗಿನಲ್ಲೇ ಓಡುತ್ತದೆ. 230 ವೋಲ್ಟನ್ನು 6ರಿಂದ ಗುಣಿಸಿದರೆ 1,380 ವ್ಯಾಟ್. ಅದಕ್ಕಿಂತ ಹೆಚ್ಚು ಆ ಪ್ಲಗ್ಗಿನಿಂದ ಎಳೆಯುವಂತಿಲ್ಲ. ಉಳಿದದ್ದು ಎಲ್ಲಿಂದ ಬಂತು?

ಸೆಟ್ಟನ್ನು ತಿರುಗಿಸಿದರೆ ಹಿಂಭಾಗದ ಸಣ್ಣ ಚೀಟಿಯಲ್ಲಿ 60 ವ್ಯಾಟ್ ಅಂತ ಇದೆ. ಅದು ಒಳಗೆ ತೆಗೆದುಕೊಳ್ಳುವ ಶಕ್ತಿ. ನಿಜವೋ ಸುಳ್ಳೋ ನೋಡೋಣ ಅಂತ ಮನೆಯ ಬೇರೆಲ್ಲ ಸ್ವಿಚ್ಚು ಆರಿಸಿದೆವು. (ಫ್ರಿಜ್ಜು ಆರಿಸಲು ದೊಡ್ಡಮ್ಮ ಒಪ್ಪಿದ್ದು ಬಹಳ ಕಷ್ಟದಲ್ಲಿ.) ಆ ಮೀಟರಿನ ಕೆಂಪು ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್. ಹಾಡನ್ನು ಪೂರಾ ಜೋರಾಗಿ ಹಾಕಿ 10 ನಿಮಿಷ ಎಣಿಸಿದೆ. 5,000 ವ್ಯಾಟ್ ಆಗಿದ್ದರೆ ಸುಮಾರು 2,666 ಸಲ ಮಿಣುಕಬೇಕಿತ್ತು. ಮಿಣುಕಿದ್ದು 24 ಸಲ. ಅಂದ್ರೆ 45 ವ್ಯಾಟ್! ಅದೂ ಪೂರ್ತಿ ಸದ್ದಾಗಿ ಹೊರಬರುವುದಿಲ್ಲ. ಆಂಪ್ಲಿಫೈಯರ್ ಬಿಸಿಯಾಗುತ್ತಲ್ಲ, ಅಲ್ಲಿ ಒಂದಿಷ್ಟು ಹೋಗುತ್ತದೆ.

ಹಾಗಾದರೆ ಪಿ.ಎಂ.ಪಿ.ಒ. ಎಂದರೇನು? ಸೆಟ್ಟಿನೊಳಗೆ ಕೆಪಾಸಿಟರ್ ಎಂಬ ಭಾಗ ಸ್ವಲ್ಪ ವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಅದು ಒಮ್ಮೆಗೇ ಖಾಲಿಯಾದರೆ ಎಷ್ಟಾದೀತು ಅಂತ ಲೆಕ್ಕ ಕಟ್ಟಿ, ಎಲ್ಲಾ ಸ್ಪೀಕರಿನದ್ದೂ ಕೂಡಿಸಿ ಬರೆಯುತ್ತಾರೆ. ಹೀಗೇ ಅಳೆಯಬೇಕು ಎಂಬ ಕಟ್ಟುನಿಟ್ಟು ಇದಕ್ಕಿಲ್ಲ. ಒಂದು ಕೊಡ ನೀರನ್ನು ದಡಕ್ಕನೆ ಚೆಲ್ಲಿ, ‘ನಮ್ಮ ನಲ್ಲೀಲಿ ಹೊಳೆ ಬರುತ್ತೆ’ ಅಂದ ಹಾಗೆ. ಬಿಡದೆ ಕೊಡುವ ಶಕ್ತಿಯನ್ನು ಆರ್.ಎಂ.ಎಸ್. ಅಂತ ಬರೆಯುತ್ತಾರೆ. ನೋಡಬೇಕಾದ್ದು ಅದನ್ನೇ.

ಪೇಟೆಯ ದುಬಾರಿ ರಿಸೀವರಿನಲ್ಲೂ ಒಂದು ಸೂಕ್ಷ್ಮ ಇದೆ. ‘7 ಚಾನೆಲ್, ಒಂದೊಂದಕ್ಕೆ 100 ವ್ಯಾಟ್’ ಅಂದರೆ 700 ಸಿಗುತ್ತದೆ ಎಂದಲ್ಲ. ಎಷ್ಟೋ ಸಲ ಒಂದೋ ಎರಡೋ ಚಾನೆಲ್ ಮಾತ್ರ ನಡೆಸಿ ಅಳೆದಿರುತ್ತಾರೆ. ಏಳೂ ಒಟ್ಟಿಗೆ ನಡೆದರೆ ಒಂದೇ ಪವರ್ ಸಪ್ಲೈ ಎಲ್ಲಕ್ಕೂ ಹಂಚಬೇಕು, ಒಂದೊಂದರ ಪಾಲು ಕಡಿಮೆಯಾಗುತ್ತದೆ. ಇಂಥ ಉಬ್ಬಿಸಿದ ಅಂಕಿ ತಡೆಯಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ಮಾಡಿತು, 2024ರಲ್ಲಿ ಅದನ್ನು ತಿದ್ದಿ ಇನ್ನೂ ಬಿಗಿ ಮಾಡಿತು.

ಇದನ್ನೆಲ್ಲ ಈಗ ಯಾಕೆ ಬರೆದೆ ಅಂದರೆ, ಹಳೇ ವಿದ್ಯಾರ್ಥಿಗಳು ಕೊಟ್ಟ ಹಣದಲ್ಲಿ ವಾರ್ಷಿಕೋತ್ಸವಕ್ಕೆ ಶಾಲೆಗೇ ಒಂದು ಸೆಟ್ ಕೊಳ್ಳುವ ಮಾತು ನಡೆದಿದೆ. 10,000 ವ್ಯಾಟಿನ ಹೋಮ್ ಥಿಯೇಟರೇ ಬೇಕು ಅಂತ ಕೆಲವರು ಹೇಳುತ್ತಿದ್ದಾರೆ. ಮೈದಾನದಲ್ಲಿ ಹಿಂದೆ ಕೂತ ಅಜ್ಜಿಯರಿಗೂ ನಾಟಕದ ಮಾತು ಕೇಳಬೇಕಲ್ಲವೇ? ವ್ಯಾಟ್ ಎರಡರಷ್ಟಾದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಅನ್ನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು. ಸ್ಪೀಕರಿನ ಜಾತಿಯೂ ಮುಖ್ಯ. ದೇವಸ್ಥಾನದ ಮೇಲಿರುವ ಕಹಳೆಯಂಥ ಹಾರ್ನು 30 ವ್ಯಾಟಿನದು, ಕೆರೆ ಏರಿಯ ತನಕ ಕೇಳಿಸುತ್ತದೆ.

ಅಂಗಡಿಗೆ ಹೋಗುವವರು ಆರ್.ಎಂ.ಎಸ್. ಎಷ್ಟು, ಎಷ್ಟು ಓಮ್ ಸ್ಪೀಕರಿಗೆ, ಎಲ್ಲಾ ಚಾನೆಲ್ ಒಟ್ಟಿಗೆ ನಡೆಸಿ ಅಳೆದದ್ದೋ ಅಂತ ಕೇಳಿ ಬರೆದುಕೊಂಡು ಬರಲಿ. ನನ್ನ ಲೆಕ್ಕದಲ್ಲಿ ನಮ್ಮ ಮೈದಾನಕ್ಕೆ 60 ವ್ಯಾಟ್ ಆರ್.ಎಂ.ಎಸ್.ನ ಒಂದು ಆಂಪ್ಲಿಫೈಯರ್, ಎರಡು ಹಾರ್ನು ಸಾಕು. ಹಾರ್ನಿನಲ್ಲಿ ಬಾಸ್ ಮಾತ್ರ ಬರುವುದಿಲ್ಲ, ಡ್ಯಾನ್ಸ್ ಮಾಡುವವರು ಬೈದರೂ ಬೈಯಬಹುದು.