ಶಸ್ತ್ರಕ್ರಿಯೆಯ ಕೋಣೆಯ ಗಾಳಿ

ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ಕಂಡವರು ಗಾಳಿಯಲ್ಲಿ ತೇಲುವ ಧೂಳನ್ನು ಬಲ್ಲರು. ಶಸ್ತ್ರಕ್ರಿಯೆಯ ಕೋಣೆಯಲ್ಲಿಯೂ ಧೂಳುಂಟು. ಆದರೆ ಅದರ ಮುಖ್ಯ ಆಕರ ಬೀದಿಯಲ್ಲ, ಒಳಗೆ ನಿಂತಿರುವ ಮನುಷ್ಯರೇ. ನಮ್ಮ ಮೈಯಿಂದ ಹೊಟ್ಟಿನಂಥ ಚರ್ಮದ ಚೂರುಗಳು ಎಡೆಬಿಡದೆ ಉದುರುತ್ತವೆ; ಕೆಲವು ರೋಗಾಣುಗಳನ್ನೂ ಹೊತ್ತಿರುತ್ತವೆ. ಸುಮಾರು 12 ಮೈಕ್ರೋಮೀಟರ್ ಗಾತ್ರದ ಅಂಥ ಕಣವು ನಿಶ್ಚಲವಾದ ಗಾಳಿಯಲ್ಲಿ ನಿಮಿಷಕ್ಕೆ 30 ಸೆಂಟಿಮೀಟರಿನಷ್ಟೇ ಇಳಿಯುತ್ತದೆ. ಯಾರಾದರೂ ಸರಿದಾಡಿದರೆ ಅದು ಮತ್ತೆ ಮೇಲೆದ್ದು ತೇಲಿ, ತೆರೆದ ಗಾಯದ ಮೇಲೆ ಬೀಳಬಹುದು.

ಗಾಳಿಗೆ ಕಾರ್ಬಾಲಿಕ್ ಆಮ್ಲವನ್ನು ಸಿಂಪಡಿಸುತ್ತಿದ್ದ ಲಿಸ್ಟರ್ ಮಹಾಶಯನು 1890ರಲ್ಲಿ ಆ ಪದ್ಧತಿಯನ್ನು ಬಹಿರಂಗವಾಗಿ ಅಲ್ಲಗಳೆದನು. ಕಾಗವಾಡ, ಅಥಣಿಗಳ ಜನರು ಚಿಕಿತ್ಸೆಗೆ ಹೋಗುವ ನೆರೆಯ ಮಿರಜದಲ್ಲಿ ಡಾ. ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆಯುವ ವೇಳೆಗೆ ಕೈ, ಉಪಕರಣಗಳ ಶುದ್ಧಿಗೇ ಪ್ರಾಧಾನ್ಯ ಬಂದಿತ್ತು. ಗಾಳಿಯ ಪ್ರಶ್ನೆಯನ್ನು ಮತ್ತೆ ಎತ್ತಿದವನು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಸೊಂಟಕ್ಕೆ ಕೃತಕ ಕೀಲನ್ನು ಕೂಡಿಸುವಾಗ ಅವನು 1960ರ ದಶಕದಲ್ಲಿ, ಸೋಸಿದ ಗಾಳಿಯನ್ನು ಮೇಲಿನಿಂದ ಒಂದೇ ದಿಕ್ಕಿಗೆ ಹರಿಸಿದನು. ಸುಮಾರು ಹತ್ತು ವರ್ಷಗಳಲ್ಲಿ ಸೋಂಕು ನೂರಕ್ಕೆ ಸುಮಾರು 7ರಿಂದ 1ಕ್ಕೂ ಕೆಳಗಿಳಿಯಿತು. ಉಡುಪನ್ನೂ ಹೊಲಿಗೆಯ ವಿಧಾನವನ್ನೂ ಅವನು ಬದಲಿಸಿದ್ದನಾದ್ದರಿಂದ ಕೀರ್ತಿಯೆಲ್ಲ ಗಾಳಿಗೇ ಸಲ್ಲದು. ಸೋಂಕಿನ ತಡೆಗಾಗಿ ಇಂಥ ಏಕಮುಖ ಹರಿವಿನ ವ್ಯವಸ್ಥೆ ಕೀಲುಜೋಡಣೆಗೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆಯಿತ್ತಿತು.

ಚಿಕ್ಕೋಡಿ, ರಾಯಬಾಗದಂಥ ಊರುಗಳಿಗೆ ಇದು ಸಮಾಧಾನದ ಮಾತು. ಕೋಣೆಯ ಗಾಳಿಯನ್ನು ತಾಸಿಗೆ 20 ಬಾರಿ ಸೋಸಿ ಬದಲಿಸಿದರೆ, ಹೊಸ ಕಣಗಳು ಸೇರದಿದ್ದಲ್ಲಿ, ಸುಮಾರು 14 ನಿಮಿಷಗಳಲ್ಲಿ ಹಳೆಯವು ನೂರಕ್ಕೆ ಒಂದರಷ್ಟೇ ಉಳಿಯುತ್ತವೆ. ಒಳಗಿನ ಒತ್ತಡವು ಕಿಂಚಿತ್ ಹೆಚ್ಚಿದ್ದರೆ ಗಾಳಿ ಸಂದುಗಳಿಂದ ಹೊರಕ್ಕೇ ಹರಿಯುವುದು. ಬಾಗಿಲು ತೆರೆದೊಡನೆ ಆ ಒತ್ತಡ ಕುಸಿಯುತ್ತದೆ. ಮರೆತ ಕತ್ತರಿಗಾಗಿ ಒಬ್ಬನು ಹೊರಹೋಗಿ ಮರಳಿದರೂ ಪಡಸಾಲೆಯ ಗಾಳಿ ಒಳಹೊಕ್ಕು, ಆ 14 ನಿಮಿಷಗಳ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ.